ರಂಗೂನಿನಿಂದ ಬಂದ ಪೆಟ್ಟಿಗೆಯ ಬಾಡಿಗೆ

ಗೋಣಿಕೊಪ್ಪಲಿನಲ್ಲಿ ಮೈಸೂರಿನ ಬಸ್ಸು ನಿಂತಿತು. ಬರ್ಮಾದಿಂದ ಒಬ್ಬಳೇ ಬಂದಿದ್ದ ನನ್ನ ತಮ್ಮನ ಹೆಂಡತಿ ಮಾ ಟಿನ್ ಇಳಿದವಳೇ ಅವನ ಕೈ ಹಿಡಿದು ತಡೆದಳು. ಬಸ್ಸಿನ ಮೇಲಿದ್ದ ಅವಳ ಪೆಟ್ಟಿಗೆಯ ಬಾಡಿಗೆ ಕೊಡಲು ಅವನು ಜೇಬಿಗೆ ಕೈ ಹಾಕಿದ್ದ.

"ಬೇಡ. ಅರ್ಧ ನಾನು," ಎಂದಳು, ಅವನೇ ಕಲಿಸಿದ್ದ ಅರೆಬರೆ ಕನ್ನಡದಲ್ಲಿ.

ತಮ್ಮ ರಂಗೂನಿನಲ್ಲಿ ಬ್ರಿಟಿಷರ ಮರದ ಡಿಪೋದಲ್ಲಿ ಕೆಲಸಕ್ಕಿದ್ದಾಗ ಅವಳನ್ನು ಮದುವೆಯಾಗಿ, ಮನೆಯವರನ್ನು ಒಪ್ಪಿಸಲೆಂದು ತಾನು ಮೊದಲು ಊರಿಗೆ ಬಂದಿದ್ದ. ಹಡಗಿನ ಟಿಕೆಟ್ಟಿಗೆ ಅರ್ಧ ಹಣ ಕಳಿಸಿದ್ದ. ಉಳಿದರ್ಧಕ್ಕೆ ಅವಳು ತನ್ನ ಹೊಲಿಗೆ ಮೆಷಿನ್ನು ಮಾರಿದ್ದಳು. ಈಗ ಪೆಟ್ಟಿಗೆಗೂ ಅದೇ ಲೆಕ್ಕ! ಇಬ್ಬರೂ ನಗುತ್ತಲೇ ಜಗಳವಾಡುತ್ತಿದ್ದರೆ ಕಂಡಕ್ಟರ್ ಕೈ ಚಾಚಿಕೊಂಡು ನಿಂತಿದ್ದ.

ಮದುವೆಯ ಸುದ್ದಿ ತಿಳಿದಂದಿನಿಂದ ಅವ್ವ ತಮ್ಮನೊಂದಿಗೆ ಮಾತು ಬಿಟ್ಟಿದ್ದರು. ಅಂದು ಕರಿಮೆಣಸು ಮಾರುವ ನೆಪ ಹೇಳಿ ನನ್ನ ಜೊತೆ ಪೇಟೆಗೆ ಬಂದು, ಅದನ್ನು ಮಾರಿ, ದೂರದಲ್ಲೇ ನಿಂತಿದ್ದರು. ಇದ್ದಕ್ಕಿದ್ದಂತೆ ದುಡುದುಡು ನಡೆದು ಬಂದವರು ಮೆಣಸಿನ ದುಡ್ಡಿನಲ್ಲೇ ಕಂಡಕ್ಟರಿಗೆ ಬಾಡಿಗೆ ಕೊಟ್ಟುಬಿಟ್ಟರು.

"ಇಬ್ರೂ ಸುಮ್ನಿರಿ. ಮನೆಗೆ ಬರ್ತಾ ಇರೋದು ನನ್ನ ಸೊಸೆ. ನಂದೂ ಒಂದು ಪಾಲು ಇರ್ಲಿ."

ಮಾತು ಅರ್ಥವಾಗದೆ ಮಾ ಟಿನ್ ತಮ್ಮನ ಮುಖ ನೋಡಿದಳು. ಅವನು ಮುಖ ತಿರುಗಿಸಿ ಪೆಟ್ಟಿಗೆ ಇಳಿಸಲು ಬಸ್ಸಿನ ಏಣಿ ಹತ್ತಿದ. ಹೇಳುವವರಿಲ್ಲದೆ ನಾನೇ ಅವಳ ಕೈಯನ್ನು ಅವ್ವನ ಕೈಯಲ್ಲಿಟ್ಟೆ.

ಅವ್ವ ತೀರಿಕೊಂಡು ವರ್ಷಗಳೇ ಆದವು. ತಮ್ಮನ ಮಕ್ಕಳು ಅಜ್ಜಿ ಹೇಗಿದ್ದರು ಎಂದು ಕೇಳಿದಾಗಲೆಲ್ಲ ನಾನು ಹೇಳುವುದು ಆ ಮಧ್ಯಾಹ್ನದ ಅವ್ವನ ಬಗ್ಗೆಯೇ.