ಜೋಡಿ ಮೀನು ಆರಿಸಲು ಕರೆದೊಯ್ದ ಮಾವ

ಮಾವನವರ ಬಲಗೈಯ ಉಗುರುಗಳು ಹಳದಿಗೆ ತಿರುಗಿ, ತುದಿಯಲ್ಲಿ ಪದರ ಪದರವಾಗಿ ಸೀಳಿದ್ದವು. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರಾಗಿ, ಫಾರ್ಮಲಿನ್ ಜಾಡಿಗಳಿಂದ ಸತ್ತ ಕಪ್ಪೆ, ಹಾವು, ಮೀನು ಎತ್ತಿಕೊಟ್ಟ ಕೈ ಅದು. ಎಷ್ಟು ಸೋಪು ಹಾಕಿ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಅದಕ್ಕೇ ಊಟಕ್ಕೆ ಕೂತಾಗ ಚಮಚ ಕೇಳುತ್ತಿದ್ದರು.

ಅವು ಅರವತ್ತರ ದಶಕದ ಮೊದಲ ವರ್ಷಗಳು. ಮಾವನವರು ಆಗಷ್ಟೇ ರಿಟೈರ್ ಆಗಿದ್ದರು. ಯಾದವಗಿರಿಯ ಬಂಗಲೆಯೊಂದರ ಹಿಂದಿನ ಔಟ್‌ಹೌಸಿನಲ್ಲಿ ನಾವಿಬ್ಬರೇ ಉಳಿದಿದ್ದೆವು. ನಾನು ಆ ಮನೆಗೆ ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ನನ್ನ ಗಂಡ, ಮದುವೆಯಾದ ಹದಿನಾಲ್ಕನೇ ತಿಂಗಳಿಗೆ ಕಾಮಾಲೆಯಲ್ಲಿ ಹೋದರು. ನನಗೆ ಅಳು ಬರಲಿಲ್ಲ. ಆಡಿಕೊಳ್ಳುವವರು ಆಡಿಕೊಂಡರು. ಅನ್ನ ಬೇಯಿಸುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಮಧ್ಯಾಹ್ನ ಗೋಡೆ ನೋಡುತ್ತ ಕೂರುತ್ತಿದ್ದೆ.

ಮಾವನವರು ಮಗನ ಶೂ ಹಾಕಿಕೊಳ್ಳಲು ಶುರುಮಾಡಿದರು. ಅವರಿಗೆ ಅದು ಒಂದು ಸೈಜು ದೊಡ್ಡದು. ತುದಿಗೆ ಪೇಪರು ತುರುಕಿಕೊಂಡು, "ಗಟ್ಟಿಯಾಗವೆ, ಯಾಕೆ ಬಿಸಾಕೋದು" ಅಂದರು. ಸಂಜೆ ಅವರು ಮಾರ್ಕೆಟ್ಟಿನಿಂದ ವಾಪಸಾಗುವಾಗ ಆ ಶೂಗಳ ಸದ್ದು ಗೇಟಿನಿಂದ ಬಾಗಿಲವರೆಗೂ ಬರುತ್ತಿತ್ತು. ನನ್ನ ಗಂಡ ಬರುವಾಗ ಕೇಳುತ್ತಿದ್ದದ್ದೂ ಅದೇ ಸದ್ದು. ನಾನು ಎದ್ದು ಕಾಫಿಗೆ ನೀರಿಡುತ್ತಿದ್ದೆ. ಎದೆಯೊಳಗೆ ಏನೂ ಆಗುತ್ತಿರಲಿಲ್ಲ.

ಗಂಡ ಬಿಟ್ಟುಹೋದದ್ದರಲ್ಲಿ ಎರಡಡಿಯ ಗಾಜಿನ ಮೀನುತೊಟ್ಟಿಯೂ ಒಂದು. ಗಪ್ಪಿ, ಪಟ್ಟೆಯ ಜೀಬ್ರಾ ಮೀನು ಅಂತ ಹತ್ತು ಹನ್ನೆರಡು ಅದರಲ್ಲಿ ಕೂಡಿ ಬಾಳುತ್ತಿದ್ದವು. ಅವರು ಹೋದ ಐದನೇ ತಿಂಗಳಲ್ಲಿ, ಎರಡು ಬೀದಿ ಆಚೆಯಿದ್ದ ಒಬ್ಬ ರಿಟೈರ್ಡ್ ರೈಲು ಎಂಜಿನ್ ಡ್ರೈವರ್ ಹೇಳಿಕಳಿಸಿದರು. ಹಿತ್ತಲಿನ ಸಿಮೆಂಟ್ ತೊಟ್ಟಿಗಳಲ್ಲಿ ಮೀನು ಸಾಕುವ ಹುಚ್ಚು ಅವರಿಗೆ. ಸಿಕ್ಲಿಡ್ ಅನ್ನುವ ಮೀನಿನ ಗಿಡ್ಡ ತಳಿಯೊಂದು ಅವರ ಹತ್ತಿರವಿತ್ತು. ಎಷ್ಟು ಬೆಳೆದರೂ ಎರಡು ಅಂಗುಲ. ಒಂದು ಜೋಡಿ ಬೇಕೆಂದು ನನ್ನ ಗಂಡ ಹೇಳಿಟ್ಟಿದ್ದರಂತೆ. ಮರಿಗಳು ದೊಡ್ಡವಾಗಿವೆ, ಬಂದು ಆರಿಸಿಕೊಳ್ಳಿ ಅಂದಿದ್ದರು.

"ಸೀರೆ ಬದಲಾಯಿಸ್ಕೊಮ್ಮ, ಇಬ್ರೂ ಹೋಗ್ಬರಣ," ಅಂದರು ಮಾವ.

"ನಾನ್ಯಾಕೆ ಮಾವ?"

"ನಂಗೆ ಸತ್ತ ಮೀನು ಗೊತ್ತು ಕಣಮ್ಮ. ಬದುಕಿರೋದು ಅಷ್ಟಾಗಿ ಗೊತ್ತಿಲ್ಲ."

ಗಂಡ ಹೋದ ಮೇಲೆ ನಾನು ಗೇಟು ದಾಟಿದ್ದು ಅವತ್ತೇ ಮೊದಲು. ಡ್ರೈವರ್ ತೊಟ್ಟಿಗೆ ಬಲೆ ಹಾಕಿ, ಅಲ್ಲಿದ್ದ ಎಂಟು ಮೀನುಗಳಲ್ಲಿ ಒಳ್ಳೆ ಬಣ್ಣದ ಎರಡನ್ನು ಎತ್ತಿ ತೋರಿಸಿದರು. "ಇದು ಗಂಡು, ಇದು ಹೆಣ್ಣು. ಫಸ್ಟ್ ಕ್ಲಾಸ್ ಜೋಡಿ ಸರ್."

ಮಾವನವರು ಬಗ್ಗಿ ನೋಡಿ ತಲೆಯಾಡಿಸಿದರು. "ಬಣ್ಣ ನೋಡಿ ತಗೊಂಡ್ರೆ ಬಣ್ಣ ಸಿಗ್ತದೆ. ಜೋಡಿ ನಾವು ಮಾಡಕ್ಕಾಗಲ್ಲ ಸಾರ್, ಅವೇ ಆಗಿರ್ಬೇಕು ಅಂತ ನನ್ ಮಗ ಹೇಳೋನು. ಸ್ವಲ್ಪ ಹೊತ್ತು ಕೂತ್ಕತೀವಿ." ಆಮೇಲೆ ನನ್ನ ಕಡೆ ತಿರುಗಿ, "ಯಾವುದು ಯಾವುದನ್ನ ಓಡಿಸ್ತಿಲ್ಲ, ನೋಡ್ತಾ ಇರಮ್ಮ," ಅಂದರು.

ಒಂದು ಗಂಟೆಗೂ ಹೆಚ್ಚು ಕೂತೆವು. ಮೊದಮೊದಲು ನನಗೆ ನೀರು ಮಾತ್ರ ಕಾಣುತ್ತಿತ್ತು. ಆಮೇಲೆ ಮೀನುಗಳು ಕಂಡವು. ಆಮೇಲೆ ಒಂದೊಂದಾಗಿ ಬೇರೆ ಬೇರೆ ಕಂಡವು.

"ಬಾಲ ಹರಿದಿರೋ ಆ ಗಂಡು ಎಲ್ಲಾನೂ ಅಟ್ತಾ ಇದೆ ಮಾವ. ಆ ಬಿಳುಚಿಕೊಂಡಿರೋ ಹೆಣ್ಣನ್ನ ಮಾತ್ರ ಕಲ್ಲಿನ ಹತ್ರ ಬಿಟ್ಕೊಳ್ತದೆ."

"ಅವೇ ಸಾಕು," ಅಂದರು ಮಾವ. ಡ್ರೈವರ್‌ಗೆ ಬೇಸರವಾಯಿತು. ಎಂಟರಲ್ಲಿ ಅವೆರಡೇ ಕಳಪೆಯವಂತೆ.

ಮನೆಗೆ ಬಂದವರೇ ಮಾವನವರು ತೊಟ್ಟಿಯ ಎಡಮೂಲೆಯಲ್ಲಿ ಒಡಕು ಕುಡಿಕೆ ಬೋರಲು ಹಾಕಿ, ನಡುವೆ ಕಲ್ಲು, ಗಿಡ ಒತ್ತಾಗಿ ನೆಟ್ಟರು. "ಸಣ್ಣ ಜಾಗ. ಇವಕ್ಕೆ ಒಂದು ಮೂಲೆ ಸಾಕು. ಮೊದ್ಲಿಂದ ಇದ್ದೋರು ನೆಮ್ಮದಿಯಾಗಿರ್ಬೇಕಲ್ಲ." ಎರಡನೇ ಜೋಡಿ ತರಬಾರದು ಅಂತಲೂ ಹೇಳಿದರು.

ತಿಂಗಳೊಳಗೆ ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಗಳಿದ್ದವು. ಎರಡೂ ಸರದಿಯಲ್ಲಿ ರೆಕ್ಕೆ ಬೀಸುತ್ತ ಕಾದವು. ಮೂರನೇ ಬೆಳಿಗ್ಗೆ ಕಲ್ಲು ಬರಿದಾಗಿತ್ತು.

"ತಿಂದ್ಬುಟ್ಟವೆ ಮಾವ."

"ಮೊದಲನೇ ಸಲ ಹಂಗೇ ಕಣಮ್ಮ. ಕಲೀತವೆ."

ನಾನು ಗಂಡನ ಖಾಲಿ ನೋಟ್‌ಬುಕ್ ತೆಗೆದು ಅದನ್ನು ಬರೆದಿಟ್ಟೆ. ಯಾಕೆಂದು ಗೊತ್ತಿಲ್ಲ. ಮರುದಿನವೂ ಬರೆದೆ. ಯಾವ ಮೀನು ಎಲ್ಲಿತ್ತು, ಏನು ಮಾಡಿತು, ಅಷ್ಟೆ. ಮಾವನವರು ಕನ್ನಡಕ ಹಾಕಿಕೊಂಡು ಓದುತ್ತಿದ್ದರು.

ಮೂರನೇ ಸಲದ ಮರಿಗಳು ಬದುಕಿದವು. ಆ ವಾರವೇ ಮಾವನವರು ತಾವು ಕೆಲಸ ಮಾಡಿದ ಕಾಲೇಜಿನಿಂದ ಬಿ.ಎಸ್ಸಿ. ಅರ್ಜಿ ತಂದು ನನ್ನ ಮುಂದಿಟ್ಟರು. ಮದುವೆಗೆ ಮುಂಚೆ ನಾನು ಇಂಟರ್‌ಮೀಡಿಯೆಟ್ ಮುಗಿಸಿದ್ದೆ. ಸುದ್ದಿ ತಿಳಿದು ಮಾವನವರ ಅಕ್ಕ ಬಂದರು.

"ಗಂಡ ಸತ್ತು ವರ್ಷ ತುಂಬಿಲ್ಲ, ಇವಳಿಗೆ ಕಾಲೇಜು ಬೇರೆ ಕೇಡು. ಜನ ಏನಂದಾರು?"

"ವರ್ಷ ತುಂಬಿದ್ ಮೇಲೆ ಏನು ಬದಲಾಗ್ತದಕ್ಕ?" ಅಂದರು ಮಾವ. ಅವರು ದನಿ ಏರಿಸಿ ಮಾತಾಡಿದವರಲ್ಲ. ಅವತ್ತೂ ಏರಿಸಲಿಲ್ಲ.

ಕಾಲೇಜಿನ ಮೊದಲ ದಿನ ಮಾವ ಲ್ಯಾಬಿನ ಬಾಗಿಲವರೆಗೆ ಬಂದರು, ಒಳಗೆ ಬರಲಿಲ್ಲ. "ನೀನು ಹೋಗಮ್ಮ," ಅಂದು ಕಾರಿಡಾರಿನಲ್ಲೇ ನಿಂತರು.

ನಾನು ಕೊನೆಯ ವರ್ಷದಲ್ಲಿದ್ದಾಗ, ಒಂದು ಮಧ್ಯಾಹ್ನ ಊಟ ಮುಗಿಸಿ ಗೋಡೆಗೆ ಒರಗಿದ ಮಾವ ಮತ್ತೆ ಏಳಲಿಲ್ಲ. ಆಗಲೂ ನನಗೆ ಅಳು ಬರಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದೆ. ಹದಿನೈದು ದಿನ ಬಿಟ್ಟು ಕಾಲೇಜಿಗೆ ಹೋದೆ.

ಮಾವನವರ ಜಾಗಕ್ಕೆ ಬಂದಿದ್ದ ಅಟೆಂಡರ್ ನನ್ನ ಮುಂದೆ ಟ್ರೇ ಇಟ್ಟು ಅಲ್ಲೇ ನಿಂತರು. "ಒಂದು ವಿಷ್ಯ ಹೇಳ್ಬೇಕು ಕಣಮ್ಮ. ನಿಮ್ ಸ್ಟೂಲಿನ ಕಾಲು ಮೊದ್ಲಿಂದ ಲಡ್ಡಾಗಿ ಅಲ್ಲಾಡ್ತಿತ್ತು. ಹೋದ ತಿಂಗಳು ಒಂದಿನ ನಿಮ್ ಮಾವನೋರು ಬಂದು, ಮೊಳೆ ಹೊಡೆದು, ಎರಡು ಸಲ ಕೂತು ನೋಡಿ ಹೋದ್ರು. ನಿಮಗೆ ಹೇಳ್ಬೇಡ ಅಂದಿದ್ರು."

ಆ ಲ್ಯಾಬಿನಲ್ಲಿ ಮೂವತ್ತು ವರ್ಷ ಅವರು ಯಾವ ಸ್ಟೂಲಿನ ಮೇಲೂ ಕೂತವರಲ್ಲ.

ನಾನು ಕೂತೆ. ಅದು ಅಲುಗಾಡಲಿಲ್ಲ.