ನಾನಿಟ್ಟ ಹೆಸರು, ನಾನೇ ಹಿಂಪಡೆದದ್ದು

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗಿನ ಮಾತು. ಹುಕ್ಕೇರಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಮುಂದೆ ಯಾವ ಕೋರ್ಸಿಗೆ ಹೋಗಬೇಕೆಂದು ಸಲಹೆ ಕೊಡುವ ಕೆಲಸವೂ ನನ್ನ ಪಾಲಿನದೇ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಇದೆ.

ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾಗಿ ಬಂದವಳು ಸುನಂದಾ, ಘೋಡಗೇರಿಯ ರೈತ ಕಲ್ಲಪ್ಪನ ಮಗಳು. ಎಂಟನೇ ತರಗತಿಯಲ್ಲಿದ್ದಾಗ, ಬಿದ್ದ ಗೆಳತಿಯ ಮೊಣಕಾಲಿಗೆ ಅಚ್ಚುಕಟ್ಟಾಗಿ ಬಟ್ಟೆಪಟ್ಟಿ ಸುತ್ತಿದ್ದಳು. ಅದನ್ನು ನೋಡಿ ನಾನು, “ಏನವಾ ಡಾಕ್ಟರಬಾಯಿ!” ಎಂದು ಚೇಷ್ಟೆ ಮಾಡಿದ್ದೆ. ನಮ್ಮ ಕಡೆ ಹೆಣ್ಣು ಡಾಕ್ಟರನ್ನು ಕರೆಯುವ ಆ ಹೆಸರು ಅವಳಿಗೆ ಅಂಟಿಕೊಂಡಿತು. ಶಾಲೆಯ ಮಕ್ಕಳು ಹಾಗೆಯೇ ಕರೆದರು, ಓಣಿಯವರು ಕರೆದರು, ಕೊನೆಗೆ ಮನೆಯವರೂ ಕರೆದರು. ಗೋಕಾಕದ ಕಾಲೇಜೊಂದರ ಪಿಯುಸಿ ಸೈನ್ಸಿಗೆ ಅವಳ ಅರ್ಜಿ ತುಂಬಿದವನು ನಾನೇ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಪಾಲಿಟೆಕ್ನಿಕ್ ಅರ್ಜಿಗೆ ಕಡೆಯ ದಿನ ನಾಳೆ ಎನ್ನುವಾಗ ಅವಳೊಬ್ಬಳೇ ಸ್ಟಾಫ್ ರೂಮಿಗೆ ಬಂದಳು.

“ಸರ್, ನನಗ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡೋದೈತ್ರಿ. ರಕ್ತ ನೋಡಿದ್ರ ತಲಿ ತಿರಗ್ತೈತಿ.”

“ಮತ್ತ ಅವತ್ತ ಅಷ್ಟ ಚಂದ ಪಟ್ಟಿ ಕಟ್ಟಿದ್ದೆಲ್ಲ?”

“ಮಾರಿ ಆ ಕಡಿ ಮಾಡಿ ಕಟ್ಟಿದ್ನಿರಿ. ಹೊಲದಾಗ ಮೋಟಾರಿನ ವೈರಿಗೆ ಟೇಪ್ ಸುತ್ತಿ ಸುತ್ತಿ ಕೈಗೆ ರೂಢಿ ಆಗೈತಿ. ಆದ್ರ ಊರೆಲ್ಲ ಡಾಕ್ಟರಬಾಯಿ ಅಂತೈತಿ. ಅಪ್ಪಗ ಹೆಂಗ ಹೇಳ್ಲಿ?”

ನನಗೆ ನಾಚಿಕೆಯಾಯಿತು. ಪಟ್ಟಿ ನೋಡಿ ಡಾಕ್ಟರಬಾಯಿ ಎಂದೆನೇ ಹೊರತು, ಆ ಕೈಗೆ ಅಭ್ಯಾಸ ಎಲ್ಲಿಂದ ಬಂತೆಂದು ವಿಚಾರಿಸಿರಲಿಲ್ಲ. ಸಂಜೆಯೇ ಗಾಡಿ ಹತ್ತಿ ಅವರ ಮನೆಗೆ ಹೋದೆ.

ಕಲ್ಲಪ್ಪ ಸಿಟ್ಟಾದ. “ಹೆಸರ ಇಟ್ಟವರ ನೀವು. ಈಗ ನನ್ನ ಮಗಳು ಕರೆಂಟ್ ಕಂಬ ಹತ್ತಬೇಕೇನ್ರಿ ಮಾಸ್ತರ?”

“ಡಿಪ್ಲೊಮಾ ಅಂದ್ರ ಬರೇ ಕಂಬ ಅಲ್ಲೋ ಮಾರಾಯಾ. ತಪ್ಪ ನಂದು. ಆ ಹೆಸರ ನಾನ ಇಟ್ಟೇನಿ, ನಾನ ವಾಪಸ್ ತಗೋತೇನಿ.”

ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದು ಕೊಡುತ್ತಾರೆ. ಮೂಲೆಯಲ್ಲಿ ಕುಳಿತಿದ್ದ ಕಲ್ಲಪ್ಪನ ತಾಯಿ ಎದ್ದು ಬಂದವಳೇ ನನ್ನ ಬೆನ್ನಿಗೊಂದು ಗುದ್ದಿದಳು. “ಹೆಸರಿಟ್ಟವರಿಗೆ ಇದ ಪದ್ಧತಿ. ನಿಮಗ ಮೂರ ವರ್ಷದ್ದ ಉಳದಿತ್ತು!”

ಮನೆಯೆಲ್ಲ ನಕ್ಕಿತು, ಕಲ್ಲಪ್ಪನೂ ನಕ್ಕ. ನಗು ನಿಂತ ಮೇಲೆ ಮಗಳ ಕಡೆ ತಿರುಗಿದ. “ಖರೇನ ಅದ ಬೇಕೇನ ನಿನಗ?”

“ಹೂಂ ಅಪ್ಪಾ, ಖರೇನ.”

ನಮ್ಮಲ್ಲಿ ಯಾರೂ ಅವಳನ್ನು ಅದುವರೆಗೆ ಕೇಳದ ಪ್ರಶ್ನೆ ಅದು. ಮರುದಿನ ಅರ್ಜಿ ತುಂಬಿಸಲು ಅವಳನ್ನು ಕರೆತಂದವನು ಕಲ್ಲಪ್ಪನೇ.

ಮಕ್ಕಳ ದಾರಿಯನ್ನು ಅಂಕಪಟ್ಟಿ, ಬಂಧುಗಳು, ಗೆಳೆಯರು ತಿರುಗಿಸುತ್ತಾರೆಂದು ಪಾಲಕರ ಸಭೆಗಳಲ್ಲಿ ಭಾಷಣ ಮಾಡುತ್ತಿದ್ದೆ. ಆ ಪಟ್ಟಿಯಲ್ಲಿ ಮಾಸ್ತರನ ನಾಲಿಗೆಯನ್ನು ಸೇರಿಸುವುದು ಮರೆತಿದ್ದೆ. ಅಂದಿನಿಂದ ಸಲಹೆ ಕೊಡುವ ಮುಂಚೆ ಕೇಳುವುದನ್ನು ಕಲಿತೆ.

ಸುನಂದಾ ಈಗ ಸಕ್ಕರೆ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದಾಳೆ. ಮೊನ್ನೆ ಸಂಕೇಶ್ವರದ ಬಸ್ ನಿಲ್ದಾಣದಲ್ಲಿ ಸಿಕ್ಕಳು. “ಏನವಾ ಇಂಜಿನಿಯರಬಾಯಿ” ಎನ್ನಲು ಬಾಯಿ ತೆರೆದವನಿಗೆ ಅಜ್ಜಿಯ ಗುದ್ದು ನೆನಪಾಯಿತು.

“ಸುನಂದಾ, ಹೆಂಗದಿಯವಾ?” ಎಂದೆ.