ದಿವಾನರನ್ನು ಇಳಿಸಿದ ಹಂಡೆ

ಭಾಗೀರಥಿಬಾಯಿಯ ಕಥೆ ಹೇಳಬೇಕೆಂದರೆ ಅವಳು ಗಂಡನ ಜೊತೆ ಆಡಿದ ಜಗಳದಿಂದಲೇ ಶುರುಮಾಡಬೇಕು. ಅವಳ ಗಂಡ ನೀಲಕಂಠಭಟ್ಟರು ರಾಮದುರ್ಗದಲ್ಲಿ ಪೌರೋಹಿತ್ಯ ಬಿಟ್ಟು, ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವರು. ಸಂಸ್ಥಾನ ವಿಲೀನವಾದ ಮರುವರ್ಷ, ಮುಚ್ಚಿಹೋದ ಒಂದು ಜವಳಿ ಅಂಗಡಿಯ ದಪ್ಪ ಗಾಜುಗಳನ್ನು ತಂದರು. ಸಾಗವಾನಿ ಚೌಕಟ್ಟು ಬಡಿದು, ಸಂದಿಗೆ ನೀರು ಸೋರದಂತೆ ಲಪ್ಪ ಮೆತ್ತಿ, ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದದ ಮೀನಿನ ಪೆಟ್ಟಿಗೆ ಮಾಡಿ ಪಡಸಾಲೆಯಲ್ಲಿ ನಿಲ್ಲಿಸಿದರು. ಹಿತ್ತಲ ಆಚೆಯ ಒಕ್ಕಲಿಗ ಉಳವಪ್ಪ ಮಲಪ್ರಭೆಯಿಂದ ಮೀನು ತಂದು ಬಿಟ್ಟ. ಅದರಲ್ಲಿ ಒಂದಕ್ಕೆ ಕೆಂಪು ರೆಕ್ಕೆ, ಉದ್ದನೆಯ ಮೀಸೆ, ಗಂಭೀರ ನಡೆ.

“ಇವರು ದಿವಾನರು,” ಎಂದರು ಭಟ್ಟರು. “ಸಂಸ್ಥಾನ ಹೋತು, ನಮ್ಮ ಮನ್ಯಾಗ ದಿವಾನರು ಉಳದ್ರು.”

“ಭಟ್ಟರ ಮನ್ಯಾಗ ಮೀನ! ನಾಳೆ ನೀವು ಕೊತಂಬ್ರಿ ತಂದರೂ ಮಂದಿ ಸಂಶಯಾ ಪಡ್ತಾರ.”

“ದೇವರ ಮೊದಲನೇ ಅವತಾರ ಯಾವುದು? ಹೇಳು ನೋಡೂಣು.”

“ಹಂಗಾರ ಮೂರನೇದನ್ನೂ ತಂದು ಹಿತ್ತಲದಾಗ ಕಟ್ಟರಿ. ಓಣ್ಯಾಗ ಬೇಕಾದಷ್ಟು ತಿರಗತಾವ.”

ಭಟ್ಟರು ನಕ್ಕರು, ಅವಳು ನಗಲಿಲ್ಲ. ಅಂದೇ ಒಂದು ಕಟ್ಟಳೆ ಮಾಡಿದಳು: ಮನೆಯ ಒಂದು ಪಾತ್ರೆಯೂ ಮೀನಿಗೆ ತಾಗಕೂಡದು. ಹೀಗಾಗಿ ಪೆಟ್ಟಿಗೆ ತೊಳೆಯುವಾಗಲೆಲ್ಲ ಉಳವಪ್ಪನ ಹೆಂಡತಿ ರಾಯವ್ವ ತನ್ನ ಎಮ್ಮೆ ನೀರು ಕುಡಿಯುವ ಮಣ್ಣಿನ ಬಾನಿಯನ್ನು ತರಬೇಕು, ದಿವಾನರು ತಮ್ಮ ಪರಿವಾರದೊಂದಿಗೆ ಅದರಲ್ಲಿ ಇಳಿದುಕೊಳ್ಳಬೇಕು. ಭಾಗೀರಥಿಬಾಯಿ ಅಷ್ಟು ದೂರ ನಿಂತು, ಸೆರಗು ಒತ್ತಿ ಹಿಡಿದು, “ನೀರ ಸಿಡಿಸಬ್ಯಾಡ್ರಿ” ಎನ್ನುವಳು.

ಹೀಗೇ ವರುಷಗಳು ಹೋದವು. ಆಮೇಲೆ ಭಟ್ಟರ ಕಣ್ಣಿಗೆ ಪೊರೆ ಬಂತು. ಮೊಳೆಗೆ ಹೊಡೆದ ಸುತ್ತಿಗೆ ಬೆರಳಿಗೆ ಬೀಳತೊಡಗಿತು. ಅಂಗಡಿಗೆ ಬೀಗ ಹಾಕಿ ಮೀನಿನ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕೂತರು. ಅವರ ಪಾಲಿಗೆ ಅದರೊಳಗೆ ಬರೀ ಮಂಜು.

“ದಿವಾನರು ಎಲ್ಲಿದ್ದಾರ?” ಎಂದು ಕೇಳುವರು.

ಒಲೆಯ ಮುಂದಿನಿಂದ ಎದ್ದು ಬಂದು ಅವಳೇ ನೋಡಿ ಹೇಳಬೇಕು. ಮೊದಮೊದಲು ಗೊಣಗಿದಳು. “ಮ್ಯಾಲ ಬಂದಾರ. ಬಾಯಿ ತಗದು ನಿಂತಾರ, ನಿಮ್ಮಂಗನ.” ಬರಬರುತ್ತ ಕೇಳದೆಯೇ ಹೇಳತೊಡಗಿದಳು. ಸಣ್ಣವು ಇವತ್ತು ಒಂದನ್ನೊಂದು ಬೆನ್ನಟ್ಟಿ ಓಡಾಡುತ್ತಿವೆ, ದಿವಾನರು ಮುನಿಸಿಕೊಂಡು ಮೂಲೆ ಹಿಡಿದಿದ್ದಾರೆ, ನೆರಳು ಬಿದ್ದರೆ ನಾನೇ ಬಂದೆನೆಂದು ತಿಳಿಯುತ್ತದೆ ಅವಕ್ಕೆ! ಮಧ್ಯಾಹ್ನ ಯಾರೂ ಇಲ್ಲದಾಗ ಚುರಮುರಿ ಪುಡಿಮಾಡಿ ತಾನೇ ಹಾಕುವಳು. ಅದನ್ನು ಭಟ್ಟರು ಬಲ್ಲರೋ ಇಲ್ಲವೋ, ಬಾಯಿಬಿಟ್ಟು ಅನ್ನಲಿಲ್ಲ.

ಕಡೆಗೆ ಭಟ್ಟರನ್ನು ಅವಳ ತಮ್ಮ ಬಾಳಕೃಷ್ಣ ಕಣ್ಣಿನ ಆಪರೇಶನ್ನಿಗೆಂದು ಮಿರಜಕ್ಕೆ ಕರೆದೊಯ್ದ. ಹೊಸ್ತಿಲು ದಾಟುವಾಗ ಭಟ್ಟರು, “ಕಣ್ಣ ಬಂದ ಕೂಡಲೆ ಮೊದಲ ದಿವಾನರನ್ನ ನೋಡಬೇಕು,” ಎಂದರು.

“ನನ್ನಲ್ಲ?”

“ನಿನ್ನ ಮಾರಿ ನಂಗ ಬಾಯಿಪಾಠ ಅದ. ಅವರು ಬೆಳದಿರಬೇಕು.”

ಕಣ್ಣಿನ ಕಟ್ಟು ಬಿಚ್ಚಿದರು, ನಾಡಿದ್ದು ಬರುತ್ತಾರೆ ಎಂದು ಸುದ್ದಿ ಬಂದಾಗ ಭಾಗೀರಥಿಬಾಯಿ ಪೆಟ್ಟಿಗೆಯ ಮುಂದೆ ನಿಂತಳು. ಗಾಜಿಗೆ ಹಸಿರು ಕಟ್ಟಿತ್ತು, ಕಲ್ಲುಗಳ ಮೇಲೆ ಪಾಚಿ. ಹೊಸ ಕಣ್ಣಿಗೆ ಇದನ್ನು ತೋರಿಸುವುದೇ? ಹಿತ್ತಲಿಗೆ ಹೋಗಿ ಕೂಗಿದಳು. ರಾಯವ್ವ ಎಂದಿನಂತೆ ಬಾನಿ ಹೊತ್ತುಕೊಂಡೇ ಬಂದಳು.

“ಬಾನಿ ಬ್ಯಾಡ ರಾಯವ್ವ.”

ಒಳಗಿನಿಂದ ಅವಳು ಉರುಳಿಸಿಕೊಂಡು ತಂದದ್ದು ಅತ್ತೆಯ ಕಾಲದ ತಾಮ್ರದ ಹಂಡೆ. ಪೂಜೆಯ ಮಡಿನೀರಿಗಲ್ಲದೆ ಬೇರೆ ಯಾವುದಕ್ಕೂ ಅದು ನಡುಮನೆ ಬಿಟ್ಟು ಬಂದದ್ದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದನ್ನು ಉದಯದ ಸೂರ್ಯನ ಹಾಗೆ ಮಾಡಿದ್ದಳು.

ರಾಯವ್ವ ಬಾನಿ ಇಳಿಸುವುದನ್ನೂ ಮರೆತಳು. “ಯವ್ವಾ! ಇದ್ರಾಗ ಮೀನ ಬಿಡ್ತೀರೇನ್ರಿ ಬಾಯಾರ? ನಿಮಗ ಆರಾಮ ಐತಿಲ್ಲೋ?”

“ಎಮ್ಮಿ ಮುಸುರಿ ಬಾನ್ಯಾಗ ಎಷ್ಟ ವರ್ಷ ಇಳಸೂದ ಅವರನ್ನ? ಮನೀ ಮಂದಿ ಆಗ್ಯಾರ. ಮನೀ ಭಾಂಡೇದಾಗ ಇರಲಿ.”

“ನಮ್ಮ ಬಾನಿಗಿ ಪೆನ್ಶನ್ ಆತು ಬಿಡ್ರಿ,” ಎಂದು ರಾಯವ್ವ ನಕ್ಕಳು.

ಹಳೆಯ ಪತ್ತಲದ ತುಂಡನ್ನು ಜೋಳಿಗೆ ಮಾಡಿ ಇಬ್ಬರೂ ಮೀನು ಹಿಡಿದರು. ಭಾಗೀರಥಿಬಾಯಿ ಮೊದಲ ಸಲ ದಿವಾನರನ್ನು ಅಂಗೈಯಲ್ಲಿ ಹಿಡಿದಳು. “ಏ, ಕಚಗುಳಿ ಮಾಡ್ತದಲ್ಲ!” ಎಂದು ಹುಡುಗಿಯಂತೆ ಕೂಗಿದಳು. ಉಸುಕು ತೊಳೆದರು. ಹೊಳೆಯ ಕರಿಕಲ್ಲುಗಳನ್ನು ಒಂದರ ಮೇಲೊಂದಿಟ್ಟು ದಿವಾನರಿಗೊಂದು ಗವಿ ಕಟ್ಟಿದರು. ಗಾಜು ತಿಕ್ಕಿದರು. ಎಲ್ಲ ಹೋಯಿತು, ನೀರು ನಿಲ್ಲುತ್ತಿದ್ದ ಮಟ್ಟದಲ್ಲಿ ಕೂತಿದ್ದ ಬಿಳಿಯ ಗೆರೆಯೊಂದು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೊಸ ನೀರು ಒಂದು ರಾತ್ರಿ ಹಾಗೇ ನಿಲ್ಲಬೇಕು, ಆಮೇಲೆ ಮೀನು ಬಿಡಬೇಕು ಎನ್ನುವುದು ಭಟ್ಟರ ಪದ್ಧತಿ. ಅವಳು ಹಂಡೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಚುರಮುರಿ ಉದುರಿಸಿ ಮಲಗಿದಳು.

ಬೆಳಿಗ್ಗೆ ಬಟ್ಟೆ ತೆಗೆದರೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ದಿವಾನರು ನಡುವೆ, ಮೀಸೆ ಚಾಚಿಕೊಂಡು. ಚುರಮುರಿ ಹಾಗೇ ಇತ್ತು.

ರಾಯವ್ವ ಬಂದು ಹಂಡೆಯೊಳಗೆ ಬಗ್ಗಿ ನೋಡಿದಳು. ಆಮೇಲೆ, “ನಮ್ಮ ಮನಿಯಾವನ್ನ ಹೊಳಿಗಿ ಕಳಸ್ತೇನ್ರಿ. ಬ್ಯಾರೇವ ತರತಾನ. ಭಟ್ಟರು ನೋಡಿ ಎಷ್ಟ ವರ್ಷ ಆತು, ಏನ ಗೊತ್ತಾಗತೈತಿ?” ಎಂದಳು.

“ದಿವಾನರನ್ನ ಎಲ್ಲಿಂದ ತರತಾನ ರಾಯವ್ವ?”

ಹಿತ್ತಲ ಬಾಳೆಯ ಬುಡದಲ್ಲಿ ತಗ್ಗು ತೋಡಿದರು.

ಮರುದಿನ ಭಟ್ಟರು ಬಂದರು, ಮೂಗಿನ ಮೇಲೆ ದಪ್ಪ ಚಷ್ಮಾ. ಕಾಲು ತೊಳೆದವರೇ ನೇರ ಪೆಟ್ಟಿಗೆಯ ಮುಂದೆ ಹೋಗಿ ಬಗ್ಗಿದರು.

“ಆಹಾ, ಎಷ್ಟ ಸ್ವಚ್ಛ ಮಾಡೀದಿ! ಗವಿ ಯಾರ ಕಟ್ಟಿದ್ರು, ನೀನ?” ಬಲಕ್ಕೆ ಸರಿದು ನೋಡಿದರು, ಎಡಕ್ಕೆ ಸರಿದು ನೋಡಿದರು. “ದಿವಾನರು ಎಲ್ಲಿದ್ದಾರ?”

“ಗವಿಯೊಳಗ ಇರಬೇಕ್ರಿ,” ಎಂದಳು. ಬಾಯಿಂದ ಹಾಗೆ ಬಂದುಹೋಯಿತು.

“ಸಣ್ಣವು?”

ಅವಳು ಒರೆಸಿದ ಗಾಜನ್ನೇ ಸೆರಗಿನಿಂದ ಮತ್ತೆ ಒರೆಸಿದಳು. ಭಟ್ಟರು ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಮುಖ ಸಣ್ಣದಾಯಿತು. “ಕಲ್ಲ ಕಾಣಸ್ತಾವ, ಉಸುಕ ಕಾಣಸ್ತದ. ಓಡಾಡೂದು ಏನೂ ಕಾಣವಲ್ದು. ಭಾಗೀರಥಿ, ಆಪರೇಶನ್ ಪೂರಾ ಆಗಿಲ್ಲೇನ ಮತ್ತ?”

ಅವರು ಮತ್ತೆ ಚಷ್ಮಾ ತೆಗೆಯಹೋದದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

“ನಿಮ್ಮ ಕಣ್ಣ ಛಲೋ ಅವರಿ. ಮೀನ ಇಲ್ಲ. ನಾನ ಕೊಂದೆ.”

ಎಲ್ಲ ಹೇಳಿದಳು. ಭಟ್ಟರು ಕೇಳಿದ್ದು ಒಂದೇ ಮಾತು: “ಯಾವುದರಾಗ ಇಟ್ಟಿದ್ದಿ?”

“ಅತ್ತಿಯವರ ಹಂಡೇದಾಗ.”

ಭಟ್ಟರು ಮಣೆ ಎಳೆದುಕೊಂಡು ಕೂತರು. “ತಾಮ್ರ ಮೀನಕ್ಕ ವಿಷ. ಅದರಾಗ ಹುಣಸೀಹಣ್ಣ ಬ್ಯಾರೆ ಹಚ್ಚಿ ತಿಕ್ಕೀದಿ. ನನಗ ಗೊತ್ತಿತ್ತು. ನಿನಗ ಎಂದೂ ಹೇಳಲಿಲ್ಲ.” ಖಾಲಿ ಪೆಟ್ಟಿಗೆಯ ಕಡೆ ನೋಡಿ ಅಂದರು, “ನೀನು ಆ ಹಂಡೆ ಕೊಟ್ಟೀ ಅಂತ ಕನಸಿನ್ಯಾಗೂ ಅನಿಸಿರಲಿಲ್ಲ.”

ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವರು ಬಯ್ಯಲಿಲ್ಲ. ಮತ್ತೆ ಮೀನು ತರುವ ಮಾತನ್ನೂ ಎತ್ತಲಿಲ್ಲ. ಅಂಗಡಿಯ ಬೀಗ ತೆಗೆದ ಮೇಲೆ ಪೆಟ್ಟಿಗೆ ಬಿಚ್ಚಿ, ಗಾಜುಗಳನ್ನು ಕೊಯ್ದು, ಊರವರು ತಂದ ದೊಡ್ಡ ದೊಡ್ಡ ಫೋಟೋಗಳಿಗೆ ಹಾಕಿದರು.

ಅರಿಷಿಣ ಕುಂಕುಮಕ್ಕೆಂದು ಕರೆದವರ ಮನೆಗೆ ಹೋದಾಗ ಭಾಗೀರಥಿಬಾಯಿ ಕೆಲವೊಮ್ಮೆ ಪಡಸಾಲೆಯಲ್ಲಿ ನಿಂತುಬಿಡುತ್ತಿದ್ದಳು. ಗೋಡೆಯ ಮೇಲಿನ ಲಕ್ಷ್ಮಿಯ ಎದೆಯ ಮಟ್ಟದಲ್ಲಿ, ಗಾಜಿನ ಮೇಲೆ, ತಿಕ್ಕಿದರೂ ಹೋಗದಿದ್ದ ಆ ಬಿಳಿಯ ಗೆರೆ. ಅವಳು ನೋಡುತ್ತಲೇ ಇರುವಳು, ಗೆರೆಯ ಕೆಳಗೆ. ಆ ಮನೆಯವರು, ಬಾಯಿಯವರದು ಎಂಥ ಭಕ್ತಿ ಎಂದುಕೊಂಡು, ಕುಂಕುಮದ ಭರಣಿ ಹಿಡಿದು ಸುಮ್ಮನೆ ಕಾಯುತ್ತಿದ್ದರು.